ಮುಖ ಅದೇ, ಹಿನ್ನೆಲೆ ಬೇರೆ

ಹಳೆಯ ಮನೆಗಳ ಪಡಸಾಲೆಯಲ್ಲಿ ತೂಗುಹಾಕಿರುವ ಕಪ್ಪು–ಬಿಳುಪು ಫೋಟೊಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಕಚ್ಚೆ ಪಂಚೆ, ಕರಿ ಕೋಟು, ತಲೆಗೆ ರುಮಾಲು ಸುತ್ತಿದ ಯಜಮಾನರೊಬ್ಬರು ಎತ್ತರದ ಸ್ಟೂಲಿನ ಮೇಲೆ ಕೈಯಿಟ್ಟು ನಿಂತಿರುತ್ತಾರೆ. ಅವರ ಬೆನ್ನ ಹಿಂದೆ ಅಮೃತಶಿಲೆಯ ಮೆಟ್ಟಿಲು, ಹೂಬಳ್ಳಿ ಹಬ್ಬಿದ ಕಂಬ, ಅದರಾಚೆ ಹಂಸಗಳು ತೇಲುವ ಕೊಳ. ಯಜಮಾನರು ಜೀವಮಾನದಲ್ಲಿ ಅಂಥ ಅರಮನೆಯ ಹೊಸ್ತಿಲು ತುಳಿದವರಲ್ಲ. ಆ ಅರಮನೆ ಇದ್ದದ್ದು ಪೇಟೆಬೀದಿಯ ಸ್ಟುಡಿಯೊ ಒಳಗೆ, ಬಿದಿರಿನ ಗಳುವಿಗೆ ಸುತ್ತಿಡುವ ಒಂದು ಬಟ್ಟೆಯ ಮೇಲೆ.

ಈಗ ಆ ಬಟ್ಟೆಯ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಹಿತ್ತಲ ಗೋಡೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೊದಿಂದ ಗೋಡೆ ಮಾಯವಾಗಿ, ಹಿಮದ ಬೆಟ್ಟವೋ ತಾಜಮಹಲೋ ಬಂದು ಕೂರುತ್ತದೆ. ನೋಡಿದವರು ‘ಇದೆಲ್ಲ ಕಂಪ್ಯೂಟರ್ ಕಾಲದ ಮೋಸ’ ಎನ್ನುವುದುಂಟು. ಆದರೆ ಕಂಪ್ಯೂಟರಿನ ವಯಸ್ಸಿಗಿಂತ ಈ ಆಸೆಯ ವಯಸ್ಸು ಬಹಳ ದೊಡ್ಡದು. ಫೋಟೊಗ್ರಫಿ ಹುಟ್ಟಿದ ಮೂರ್ನಾಲ್ಕು ವರ್ಷಗಳಲ್ಲೇ ಮನುಷ್ಯನ ಹಿಂದಿನ ಜಾಗವನ್ನು ಬದಲಿಸುವ ಕೆಲಸವೂ ಶುರುವಾಯಿತು. ಹಾಗಾದರೆ ಅದೆಲ್ಲ ಮೋಸವೇ? ಅಜ್ಜನ ಅರಮನೆಯನ್ನು ಸುಳ್ಳೆಂದು ಯಾರೂ ಕರೆಯುವುದಿಲ್ಲ. ಎಲ್ಲಿಯವರೆಗೆ ಅದು ಆಸೆ, ಎಲ್ಲಿಂದ ಅದು ಸುಳ್ಳು ಎಂಬ ಪ್ರಶ್ನೆಗೆ ಉತ್ತರ ತಂತ್ರದಲ್ಲಿ ಸಿಗುವುದಿಲ್ಲ, ಇತಿಹಾಸದಲ್ಲಿ ಸಿಗುತ್ತದೆ.

ಪರದೆ ಬರೆಯುವವನ ಕೈಗೆ ಕ್ಯಾಮೆರಾ

1839ರಲ್ಲಿ ತನ್ನ ಛಾಯಾಚಿತ್ರ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಲೋಕಕ್ಕೆ ತೋರಿಸಿದ ಲೂಯಿ ಡಗೇರ್ ಮೂಲತಃ ನಾಟಕದ ಪರದೆಗಳನ್ನು ಬರೆಯುತ್ತಿದ್ದ ಕಲಾವಿದ. 1822ರಲ್ಲೇ ಅವನು ‘ಡಯೊರಾಮ’ ಎಂಬ ಪ್ರದರ್ಶನ ಆರಂಭಿಸಿದ್ದ. ದೊಡ್ಡ ಪರದೆಯ ಮೇಲೆ ಚಿತ್ರ ಬರೆದು, ಅದರ ಮೇಲೆ ಬೀಳುವ ಬೆಳಕನ್ನು ಬದಲಿಸುತ್ತ ಹಗಲನ್ನು ರಾತ್ರಿಯಾಗಿಸಿ ತೋರಿಸುವ ಆಟ ಅದು. ಜನರನ್ನು ಇದ್ದಲ್ಲಿಂದಲೇ ಬೇರೆ ಊರಿಗೆ ಕರೆದೊಯ್ಯುತ್ತಿದ್ದ ಮನುಷ್ಯನೇ ಕ್ಯಾಮೆರಾದ ಜನಕರಲ್ಲೊಬ್ಬ ಎಂಬುದು ನೆನಪಿನಲ್ಲಿಡಬೇಕಾದ ಸಂಗತಿ.

ಎರಡೇ ವರ್ಷಗಳ ನಂತರ, 1841ರಲ್ಲಿ, ಲಂಡನ್ನಿನಲ್ಲಿ ಸ್ಟುಡಿಯೊ ನಡೆಸುತ್ತಿದ್ದ ಫ್ರೆಂಚ್ ಛಾಯಾಗ್ರಾಹಕ ಆಂತ್ವಾನ್ ಕ್ಲೊದೆ ಕುಳಿತವರ ಹಿಂದೆ ಚಿತ್ರ ಬರೆದ ಪರದೆ ಬಳಸುವ ಪದ್ಧತಿಯನ್ನು ತಂದ. ಇದಕ್ಕೆ ಒಂದು ಪ್ರಾಯೋಗಿಕ ಕಾರಣವೂ ಇತ್ತು. ಆಗಿನ ತಟ್ಟೆಗಳ ಮೇಲೆ ಚಿತ್ರ ಮೂಡಲು ಬಹಳ ಹೊತ್ತು, ಬಹಳ ಬೆಳಕು ಬೇಕಿತ್ತು. ಅಲ್ಲಾಡದಂತೆ ಕೂರಲು ಗ್ರಾಹಕರ ತಲೆಯ ಹಿಂದೆ ಕಬ್ಬಿಣದ ಆಸರೆ ನಿಲ್ಲಿಸುತ್ತಿದ್ದರು. ಅಂಥವರನ್ನು ಉದ್ಯಾನಕ್ಕೋ ಬೆಟ್ಟಕ್ಕೋ ಕರೆದೊಯ್ದು ಫೋಟೊ ತೆಗೆಯುವುದು ಆಗದ ಮಾತು. ಆದ್ದರಿಂದ ಉದ್ಯಾನವೇ ಗಾಜಿನ ಚಾವಣಿಯ ಸ್ಟುಡಿಯೊ ಒಳಗೆ ಬಂತು.

1854ರಲ್ಲಿ ಪ್ಯಾರಿಸ್ಸಿನ ಡಿಸ್ದೇರಿ ಎಂಬಾತ ಒಂದೇ ತಟ್ಟೆಯ ಮೇಲೆ ಹಲವು ಚಿಕ್ಕ ಚಿತ್ರ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ವಿಸಿಟಿಂಗ್ ಕಾರ್ಡಿನ ಗಾತ್ರದ ಈ ಚಿತ್ರಗಳಿಂದ ಫೋಟೊ ಅಗ್ಗವಾಯಿತು. ಅಂಗಡಿಕಾರ, ಗುಮಾಸ್ತ, ಶಿಕ್ಷಕ ಎಲ್ಲರೂ ಸ್ಟುಡಿಯೊ ಹತ್ತಿದರು. ಶ್ರೀಮಂತರು ಚಿತ್ರಕಾರರಿಂದ ಬರೆಸಿಕೊಳ್ಳುತ್ತಿದ್ದ ತೈಲಚಿತ್ರಗಳಲ್ಲಿ ಕಾಣುತ್ತಿದ್ದ ಕಂಬ, ಮಖಮಲ್ಲಿನ ಪರದೆ, ದೂರದ ಕೋಟೆ ಈಗ ಸಾಮಾನ್ಯರ ಬೆನ್ನ ಹಿಂದೆಯೂ ಬಂದವು. ಜಮಖಾನೆಯ ಮೇಲೆ ಕಲ್ಲಿನ ಕಂಬ ನಿಲ್ಲುವುದೆಲ್ಲಿಯಾದರೂ ಉಂಟೇ ಎಂದು ಆ ಕಾಲದ ವಿಮರ್ಶಕರು ನಕ್ಕದ್ದೂ ಉಂಟು. ಫೋಟೊ ತೆಗೆಸಿಕೊಂಡವರು ಆ ನಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಮ್ಮ ದೇಶದಲ್ಲಿ 1854ರಲ್ಲಿ ಮುಂಬೈಯಲ್ಲಿ, 1856ರಲ್ಲಿ ಕಲ್ಕತ್ತ ಹಾಗೂ ಮದರಾಸಿನಲ್ಲಿ ಫೋಟೊಗ್ರಫಿ ಸಂಘಗಳು ಹುಟ್ಟಿಕೊಂಡವು. ಸ್ಟುಡಿಯೊಗಳು ದೊಡ್ಡ ನಗರಗಳಿಂದ ಸಂಸ್ಥಾನಗಳಿಗೆ, ಅಲ್ಲಿಂದ ಜಿಲ್ಲಾ ಕೇಂದ್ರಗಳಿಗೆ ಇಳಿದವು. ಇಲ್ಲಿ ಪರದೆ ಬರೆಯುವವರಿಗೆ ಬರವಿರಲಿಲ್ಲ. ಪಾರ್ಸಿ ರಂಗಭೂಮಿ, ಮರಾಠಿ ಸಂಗೀತ ನಾಟಕ, ನಮ್ಮ ಕನ್ನಡದ ವೃತ್ತಿ ಕಂಪೆನಿಗಳು, ಇವೆಲ್ಲ ನಡೆಯುತ್ತಿದ್ದುದೇ ಪರದೆಗಳ ಬಲದಿಂದ. ದರ್ಬಾರಿಗೆ ಒಂದು, ಬೀದಿಗೆ ಒಂದು, ಉದ್ಯಾನಕ್ಕೆ ಒಂದು, ಕಾಡಿಗೆ ಒಂದು. ಕೊಲ್ಹಾಪುರದ ಸೋದರಸಂಬಂಧಿಗಳಾದ ಆನಂದರಾವ್ ಮತ್ತು ಬಾಬುರಾವ್ ಪೇಂಟರ್ ನಾಟಕ ಕಂಪೆನಿಗಳಿಗೆ ಪರದೆ ಬರೆದು ಹೆಸರಾದವರು. ಬಾಬುರಾವ್ ಮುಂದೆ ಸಿನಿಮಾ ನಿರ್ದೇಶಕರಾದರು. ಪರದೆಯಿಂದ ಕ್ಯಾಮೆರಾಕ್ಕೆ ಡಗೇರ್ ನಡೆದ ದಾರಿಯಲ್ಲೇ ಇವರೂ ನಡೆದರು ಎನ್ನಬಹುದು.

ನಾಟಕ ನೋಡಿದವರಿಗೆ ಪರದೆಯ ಭಾಷೆ ಗೊತ್ತಿತ್ತು. ರಾಜನ ಪಾತ್ರಧಾರಿಯ ಹಿಂದಿರುವುದು ಬಟ್ಟೆ ಎಂದು ಎಲ್ಲರಿಗೂ ತಿಳಿದಿತ್ತು. ಆದರೂ ಆ ಹೊತ್ತಿಗೆ ಅದು ಅರಮನೆಯೇ. ಸ್ಟುಡಿಯೊದಲ್ಲಿಯೂ ಅದೇ ಒಪ್ಪಂದ. ಫೋಟೊದ ಕೆಳಗೆ ಪರದೆಯ ಅಂಚು, ಸುಕ್ಕು ಕಾಣುತ್ತಿದ್ದರೂ ಯಾರೂ ಅದನ್ನು ಮರೆಮಾಡಲು ಹೆಣಗಲಿಲ್ಲ.

ಭಕ್ತನ ಮನೋರಥ

ಹಿನ್ನೆಲೆಯ ಬದಲಾವಣೆ ಬರಿಯ ಅಲಂಕಾರವಲ್ಲ, ಅದೊಂದು ಹಂಬಲ ಎಂಬುದಕ್ಕೆ ರಾಜಸ್ಥಾನದ ನಾಥದ್ವಾರಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅಲ್ಲಿನ ಶ್ರೀನಾಥಜಿಯ ದರ್ಶನಕ್ಕೆ ದೂರದ ಊರುಗಳಿಂದ ಭಕ್ತರು ಬರುತ್ತಾರೆ. ಹೊರಡುವಾಗ ಚಿತ್ರವೊಂದನ್ನು ಕೊಂಡೊಯ್ಯುವುದು ವಾಡಿಕೆ. ಭಕ್ತರು ಸಲ್ಲಿಸುವ ವಿಶೇಷ ಸೇವೆಗೆ ‘ಮನೋರಥ’ ಎಂಬ ಹೆಸರಿದ್ದು, ಅದನ್ನು ತೋರಿಸುವ ಚಿತ್ರಗಳನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಮಧ್ಯದಲ್ಲಿ ದೇವರು, ಅಕ್ಕಪಕ್ಕದಲ್ಲಿ ಅರ್ಚಕರು, ಕೈಮುಗಿದು ನಿಂತ ಕುಟುಂಬ.

ಫೋಟೊಗ್ರಫಿ ಬಂದ ಮೇಲೆ ನಾಥದ್ವಾರದ ಚಿತ್ರಕಾರರು ಒಂದು ಜಾಣತನ ಮಾಡಿದರು. ಭಕ್ತರ ಫೋಟೊದಿಂದ ಮುಖವನ್ನು ಕತ್ತರಿಸಿ ಚಿತ್ರದ ಮೇಲೆ ಅಂಟಿಸಿದರು. ಮೈ, ಉಡುಪು, ಗುಡಿಯ ಗೋಡೆ, ದೇವರ ಶೃಂಗಾರ ಎಲ್ಲವೂ ಕುಂಚದ ಕೆಲಸ. ಮುಖ ಮಾತ್ರ ಕ್ಯಾಮೆರಾದ್ದು. ಇಂದು ತಂತ್ರಾಂಶದಲ್ಲಿ ನಾವು ಮಾಡುವ ಕೆಲಸಕ್ಕೂ ಇದಕ್ಕೂ ಸಾಧನದ ವ್ಯತ್ಯಾಸವಿದೆಯೇ ಹೊರತು ತತ್ವದ ವ್ಯತ್ಯಾಸವಿಲ್ಲ. ಭಕ್ತ ಅಲ್ಲಿಗೆ ಹೋದದ್ದು ನಿಜ, ಕೈಮುಗಿದದ್ದೂ ನಿಜ. ಆ ಕ್ಷಣವನ್ನು ಕ್ಯಾಮೆರಾ ಹಿಡಿಯಲಿಲ್ಲ, ಅಷ್ಟೆ.

ಬ್ರಿಟನ್ನಿನ ಮಾನವಶಾಸ್ತ್ರಜ್ಞ ಕ್ರಿಸ್ಟೊಫರ್ ಪಿನ್ನಿ ಮಧ್ಯಪ್ರದೇಶದ ನಾಗದಾ ಎಂಬ ಕಾರ್ಖಾನೆ ಪಟ್ಟಣದ ಸ್ಟುಡಿಯೊಗಳನ್ನು ಹತ್ತಿರದಿಂದ ಕಂಡು, 1997ರಲ್ಲಿ ‘ಕ್ಯಾಮೆರಾ ಇಂಡಿಕಾ’ ಎಂಬ ಪುಸ್ತಕ ಪ್ರಕಟಿಸಿದರು. ಸ್ಟುಡಿಯೊಗೆ ಬರುವವರಿಗೆ ತಾವು ಇರುವಂತೆಯೇ ಫೋಟೊದಲ್ಲಿ ಬರಬೇಕೆಂಬ ಹಟವಿಲ್ಲ ಎಂಬುದು ಅವರಿಗೆ ಕಂಡ ಮುಖ್ಯ ಸಂಗತಿ. ಬೇರೆ ಉಡುಪು, ಬೇರೆ ಭಂಗಿ, ಬೇರೆ ಹಿನ್ನೆಲೆ, ಒಂದೇ ಚೌಕಟ್ಟಿನಲ್ಲಿ ಒಬ್ಬನೇ ಇಬ್ಬರಾಗಿ ಕಾಣುವ ಚಮತ್ಕಾರ, ಇವೆಲ್ಲ ಅವರಿಗೆ ಬೇಕು. ಫೋಟೊ ಎಂದರೆ ಆಗಿಹೋದದ್ದರ ದಾಖಲೆ ಎಂದು ಪಶ್ಚಿಮದ ಪಂಡಿತರು ಹೇಳಿದರೆ, ಇಲ್ಲಿಯ ಗ್ರಾಹಕರಿಗೆ ಅದು ಆಗಬಹುದಾದದ್ದರ ಚಿತ್ರವೂ ಹೌದು.

ಬ್ಲೇಡು, ಅಂಟು, ಕೆಂಪು ಬಣ್ಣ

ಪರದೆ ಹಿಡಿಯುವುದು ಫೋಟೊ ತೆಗೆಯುವ ಮುನ್ನದ ಮಾತು. ತೆಗೆದ ಮೇಲೆ ಹಿನ್ನೆಲೆ ಬದಲಿಸುವ ಕಲೆ ಹುಟ್ಟಿದ್ದು ಕತ್ತಲೆ ಕೋಣೆಯಲ್ಲಿ, ಅದೂ ಒಂದು ತಾಂತ್ರಿಕ ತೊಡಕಿನಿಂದ. 1850ರ ದಶಕದ ಗಾಜಿನ ನೆಗೆಟಿವ್‌ಗಳು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿದ್ದವು. ನೆಲ, ಮರಗಳು ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಬೆಳ್ಳಗೆ ಸುಟ್ಟುಹೋಗಿ ಮೋಡಗಳೇ ಇರುತ್ತಿರಲಿಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ತನ್ನ ಸಮುದ್ರಚಿತ್ರಗಳಿಗೆ ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ಬಳಸಿ, ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದ. 1857ರಲ್ಲಿ ಇಂಗ್ಲೆಂಡಿನ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಜೋಡಿಸಿ ಒಂದೇ ದೊಡ್ಡ ಚಿತ್ರ ಮಾಡಿದ.

ಸಾಮಾನ್ಯ ಸ್ಟುಡಿಯೊಗಳ ದಾರಿ ಇನ್ನೂ ಸರಳ. ನೆಗೆಟಿವ್‌ನಲ್ಲಿ ವ್ಯಕ್ತಿಯ ಸುತ್ತ ಸಣ್ಣ ಕುಂಚದಿಂದ ದಟ್ಟ ಕೆಂಪು ಅಥವಾ ಕಪ್ಪು ಬಣ್ಣ ಬಳಿಯುವುದು. ಬೆಳಕು ಆ ಬಣ್ಣವನ್ನು ದಾಟದ ಕಾರಣ ಪ್ರಿಂಟಿನಲ್ಲಿ ಹಿನ್ನೆಲೆ ಅಚ್ಚ ಬಿಳುಪಾಗುತ್ತದೆ. ಮತ್ತೊಂದು ದಾರಿ, ಪ್ರಿಂಟನ್ನೇ ಬ್ಲೇಡಿನಿಂದ ಕತ್ತರಿಸಿ, ಹಿಂಬದಿಯಿಂದ ಅಂಚನ್ನು ಮರಳು ಕಾಗದದಲ್ಲಿ ತೆಳುವಾಗಿ ಉಜ್ಜಿ, ಬೇರೆ ಚಿತ್ರದ ಮೇಲೆ ಅಂಟಿಸಿ, ಜೋಡಣೆಯ ಗೆರೆಯನ್ನು ಬಣ್ಣದಿಂದ ಮುಚ್ಚಿ, ಇಡೀ ಚಿತ್ರವನ್ನು ಮತ್ತೆ ಫೋಟೊ ತೆಗೆಯುವುದು. ಕೈ ಪಳಗಿದವರ ಕೆಲಸವನ್ನು ಪತ್ತೆ ಮಾಡುವುದು ಸುಲಭವಲ್ಲ.

ಅಮೆರಿಕದ ಅಂತರ್ಯುದ್ಧದ ಸೇನಾನಿ ಯುಲಿಸಿಸ್ ಗ್ರಾಂಟ್ ಕುದುರೆಯೇರಿ ಸಿಟಿ ಪಾಯಿಂಟ್ ಎಂಬ ಶಿಬಿರದಲ್ಲಿರುವ ಫೋಟೊ ಇದಕ್ಕೆ ಪ್ರಸಿದ್ಧ ನಿದರ್ಶನ. ಅದು 1902ರಲ್ಲಿ ಲೆವಿನ್ ಹ್ಯಾಂಡಿ ಎಂಬ ಛಾಯಾಗ್ರಾಹಕ ಮೂರು ಚಿತ್ರಗಳನ್ನು ಜೋಡಿಸಿ ಮಾಡಿದ್ದೆಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಿಬ್ಬಂದಿ ಪತ್ತೆ ಹಚ್ಚಿದರು. ತಲೆ ಗ್ರಾಂಟನದು, ಮೈ ಮತ್ತು ಕುದುರೆ ಇನ್ನೊಬ್ಬ ಸೇನಾಧಿಕಾರಿಯವು, ಹಿಂದೆ ಕಾಣುವ ಶಿಬಿರದಲ್ಲಿರುವವರು ಗ್ರಾಂಟನ ಸೈನಿಕರಲ್ಲ, ಬೇರೊಂದು ಕಡೆ ಸೆರೆಸಿಕ್ಕ ಶತ್ರು ಸೈನಿಕರು!

ಅಣ್ಣತಮ್ಮಂದಿರ ತಂತ್ರಾಂಶ

ಕತ್ತಲೆ ಕೋಣೆಯ ಈ ಕೆಲಸ ಮೇಜಿನ ಮೇಲಕ್ಕೆ ಬಂದ ಕಥೆ 1987ರಲ್ಲಿ ಆರಂಭವಾಗುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗಾಗಿ ಓದುತ್ತಿದ್ದ ಥಾಮಸ್ ನೋಲ್‌ನ ಮೆಕಿಂತೋಷ್ ಕಂಪ್ಯೂಟರಿನ ಪರದೆಗೆ ಗೊತ್ತಿದ್ದುದು ಕಪ್ಪು ಮತ್ತು ಬಿಳುಪು ಎರಡೇ. ಅದರ ಮೇಲೆ ಬೂದು ಬಣ್ಣದ ಛಾಯೆಗಳನ್ನು ತೋರಿಸಲು ಅವನೊಂದು ಪುಟ್ಟ ಪ್ರೋಗ್ರಾಂ ಬರೆದ. ಅವನ ತಮ್ಮ ಜಾನ್ ನೋಲ್ ಸಿನಿಮಾಗಳಿಗೆ ಸ್ಪೆಷಲ್ ಎಫೆಕ್ಟ್ಸ್ ಮಾಡುವ ‘ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್’ ಸಂಸ್ಥೆಯಲ್ಲಿದ್ದ. ಅಣ್ಣನ ಪ್ರೋಗ್ರಾಂನಲ್ಲಿ ಚಿತ್ರ ತಿದ್ದುವ ಸಾಧ್ಯತೆಯನ್ನು ಕಂಡವನು ಅವನೇ. ಇಬ್ಬರೂ ಸೇರಿ ಅದನ್ನು ಬೆಳೆಸಿದರು. ಬೊರಾ ಬೊರಾ ದ್ವೀಪದ ಕಡಲತೀರದಲ್ಲಿ ಬೆನ್ನು ತಿರುಗಿಸಿ ಕುಳಿತ ಗೆಳತಿಯ ಫೋಟೊವನ್ನು ಜಾನ್ ಪ್ರದರ್ಶನಕ್ಕೆ ಬಳಸುತ್ತಿದ್ದ. 1988ರಲ್ಲಿ ಅಡೋಬಿ ಕಂಪೆನಿ ಹಕ್ಕು ಪಡೆಯಿತು. 1990ರ ಫೆಬ್ರುವರಿಯಲ್ಲಿ ‘ಫೋಟೊಶಾಪ್’ ಮಾರುಕಟ್ಟೆಗೆ ಬಂತು.

ಹಿನ್ನೆಲೆ ಬದಲಾವಣೆಯ ದೃಷ್ಟಿಯಿಂದ 1994ರಲ್ಲಿ ಬಂದ ಮೂರನೆಯ ಆವೃತ್ತಿ ಮುಖ್ಯವಾದುದು. ‘ಲೇಯರ್’ ಎಂಬ ಪದರಗಳ ವ್ಯವಸ್ಥೆ ಅದರಲ್ಲಿ ಸೇರಿತು. ಗಾಜಿನ ಹಾಳೆಯೊಂದರ ಮೇಲೆ ಮನುಷ್ಯನ ಚಿತ್ರ, ಅದರ ಕೆಳಗಿನ ಹಾಳೆಯ ಮೇಲೆ ಬೆಟ್ಟದ ಚಿತ್ರ ಎಂದು ಊಹಿಸಿಕೊಳ್ಳಿ. ಕೆಳಗಿನ ಹಾಳೆಯನ್ನು ಎಳೆದು ಬೇರೆಯದನ್ನು ತೂರಿಸಿದರೆ ಮೇಲಿನದಕ್ಕೆ ಏನೂ ಆಗುವುದಿಲ್ಲ. ಬ್ಲೇಡು ಒಮ್ಮೆ ತಪ್ಪಿದರೆ ಪ್ರಿಂಟೇ ಹಾಳಾಗುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದೊಂದು ಕ್ರಾಂತಿಯೇ ಸರಿ. ಕೊಳ್ಳಲಾಗದವರಿಗೆ, 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ‘ಗಿಂಪ್’ ಎಂಬ ಉಚಿತ ತಂತ್ರಾಂಶವೂ ಸಿಕ್ಕಿತು.

ಕೂದಲಿನ ಸಮಸ್ಯೆ

ಹೇಳಲು ಸುಲಭ: ಮನುಷ್ಯನ ಸುತ್ತ ಗೆರೆ ಎಳೆ, ಹೊರಗಿನದನ್ನು ಅಳಿಸು, ಹೊಸದನ್ನು ಇಡು. ಕೋಟಿನ ಭುಜದ ಮಟ್ಟಿಗೆ ಇದು ಸರಿ. ತೊಡಕು ಬರುವುದು ಕೂದಲಿನಲ್ಲಿ, ಮುಡಿದ ಮಲ್ಲಿಗೆಯಲ್ಲಿ, ಸೆರಗಿನ ಕುಚ್ಚಿನಲ್ಲಿ.

ಕಂಪ್ಯೂಟರಿನ ಚಿತ್ರವೆಂದರೆ ಸಣ್ಣ ಸಣ್ಣ ಚೌಕ ಚುಕ್ಕೆಗಳ ರಾಶಿ. ಇವೇ ಪಿಕ್ಸೆಲ್‌ಗಳು. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳು. ಒಂದು ಎಳೆ ಕೂದಲು ಒಂದು ಚುಕ್ಕೆಗಿಂತಲೂ ಸಪೂರವಾಗಿರಬಹುದು. ಆಗ ಆ ಚುಕ್ಕೆಯ ಬಣ್ಣದಲ್ಲಿ 40 ಪಾಲು ಕೂದಲು, 60 ಪಾಲು ಹಿಂದಿನ ಹಳದಿ ಗೋಡೆ ಬೆರೆತಿರುತ್ತದೆ. ಚುಕ್ಕೆಯನ್ನು ಇಟ್ಟುಕೊಂಡರೆ ಗೋಡೆಯೂ ಜೊತೆಗೆ ಬರುತ್ತದೆ. ಬಿಟ್ಟರೆ ಕೂದಲೂ ಹೋಗುತ್ತದೆ. ಹಳೆಯ ಆಲ್ಬಂಗಳಲ್ಲಿ ಮದುಮಗಳ ತಲೆಯ ಸುತ್ತ ಹಳದಿ ಪ್ರಭಾವಳಿ ಕಾಣುವುದು, ಇಲ್ಲವೇ ಜಡೆ ಕತ್ತರಿಸಿದ ರಟ್ಟಿನಂತೆ ಕಾಣುವುದು ಇದೇ ಕಾರಣಕ್ಕೆ.

ಪರಿಹಾರವೆಂದರೆ ಪ್ರತಿ ಚುಕ್ಕೆಗೂ ನಾಲ್ಕನೆಯ ಅಂಕಿಯೊಂದನ್ನು ಕೊಡುವುದು: ಇದರಲ್ಲಿ ಮನುಷ್ಯನ ಪಾಲು ಎಷ್ಟು ಎಂಬುದು. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಈ ಅಂಕಿಗೆ ‘ಆಲ್ಫಾ’ ಎಂದು ಹೆಸರಿಟ್ಟರು. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಅದರ ಗಣಿತವನ್ನು ಪೂರ್ತಿಯಾಗಿ ಬಿಡಿಸಿಟ್ಟರು. ನಾಲ್ವರಿಗೂ 1996ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಸಂದಿತು. ಆದರೆ ಪಾಲು ಕಂಡುಹಿಡಿಯುವುದೇ ಕಷ್ಟ. ಕಣ್ಣಿಗೆ ಕಾಣುವುದು ಮೂರು ಅಂಕಿ. ಬೇಕಾದುದು ಕೂದಲಿನ ಮೂರು, ಗೋಡೆಯ ಮೂರು, ಪಾಲಿನ ಒಂದು, ಒಟ್ಟು ಏಳು. ಮೂರು ಸಮೀಕರಣಗಳಿಂದ ಏಳು ಅಜ್ಞಾತಗಳನ್ನು ಬಿಡಿಸಲು ಶಾಲೆಯ ಗಣಿತವೂ ಒಪ್ಪುವುದಿಲ್ಲ.

ಹಿನ್ನೆಲೆಯ ಬಣ್ಣ ಮೊದಲೇ ಗೊತ್ತಿದ್ದರೆ ಏಳರಲ್ಲಿ ಮೂರು ಕಡಿಮೆಯಾಗುತ್ತವೆ. ಸಿನಿಮಾದವರು ನೀಲಿ ಅಥವಾ ಹಸಿರು ಪರದೆಯ ಮುಂದೆ ನಟರನ್ನು ನಿಲ್ಲಿಸುವುದು ಇದಕ್ಕೇ. ವರ್ಣಚಿತ್ರಗಳಲ್ಲಿ ನೀಲಿ ಪರದೆಯನ್ನು ಪಳಗಿಸಿದ ಮೊದಲಿಗರಲ್ಲಿ ಲ್ಯಾರಿ ಬಟ್ಲರ್ ಒಬ್ಬ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದ ಆ ಕೆಲಸಕ್ಕೆ ಆಸ್ಕರ್ ಬಂತು. ಅದರಲ್ಲಿ ದೈತ್ಯ ಭೂತದೊಡನೆ ಆಕಾಶದಲ್ಲಿ ಹಾರುವ ಹುಡುಗನಾಗಿ ನಟಿಸಿದವನು ನಮ್ಮ ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು. ಹಿನ್ನೆಲೆ ಬದಲಾವಣೆಯ ಇತಿಹಾಸದಲ್ಲಿ ಕನ್ನಡ ನಾಡಿನ ಹುಡುಗನೊಬ್ಬನಿಗೆ ಹೀಗೆ ಜಾಗ ಸಿಕ್ಕಿದೆ.

ನೀಲಿ, ಹಸಿರುಗಳೇ ಏಕೆ? ಮನುಷ್ಯನ ಚರ್ಮದ ಬಣ್ಣದಲ್ಲಿ ಕೆಂಪಿನ ಅಂಶವೇ ಹೆಚ್ಚಾಗಿದ್ದು, ಈ ಎರಡು ಬಣ್ಣಗಳಿಂದ ಅದನ್ನು ಬೇರ್ಪಡಿಸುವುದು ಸುಲಭ. ಡಿಜಿಟಲ್ ಕ್ಯಾಮೆರಾಗಳ ಸಂವೇದಕದಲ್ಲಿ ಹಸಿರು ಗ್ರಹಿಸುವ ಬಿಂದುಗಳು ಕೆಂಪು ಅಥವಾ ನೀಲಿಯವುಗಳ ಎರಡರಷ್ಟಿರುವುದರಿಂದ ಈಗ ಹಸಿರಿಗೆ ಮನ್ನಣೆ. ಆದರೆ ಹಸಿರು ಸೀರೆ, ಹಸಿರು ಬಳೆ ತೊಟ್ಟ ನಮ್ಮ ಮದುಮಗಳನ್ನು ಹಸಿರು ಪರದೆಯ ಮುಂದೆ ನಿಲ್ಲಿಸಿದರೆ ಸೀರೆಯ ಜಾಗದಲ್ಲಿ ಹಿಮಾಲಯ ಕಂಡೀತು!

ಅಂಚು ಸರಿಯಾದರೆ ಕೆಲಸ ಮುಗಿಯಲಿಲ್ಲ. ಮುಖದ ಮೇಲೆ ಬೆಳಕು ಎಡದಿಂದ ಬಿದ್ದಿದ್ದು, ಹೊಸ ತೋಟದ ಮರಗಳ ನೆರಳೂ ಎಡಕ್ಕೇ ಬಿದ್ದಿದ್ದರೆ ಕಣ್ಣು ಒಪ್ಪುವುದಿಲ್ಲ. ಕ್ಯಾಮೆರಾ ಎದೆಯ ಎತ್ತರದಲ್ಲಿದ್ದರೆ ಹಿಂದಿನ ದಿಗಂತವೂ ನಿಂತವರ ಎದೆಯ ಮಟ್ಟದಲ್ಲೇ ಹಾಯಬೇಕು. ಇಲ್ಲವಾದರೆ ವ್ಯಕ್ತಿ ಗುಂಡಿಯಲ್ಲಿ ನಿಂತಂತೆಯೋ ಗಾಳಿಯಲ್ಲಿ ತೇಲಿದಂತೆಯೋ ಕಾಣುತ್ತಾನೆ. ಪಾದದ ಕೆಳಗೆ ನೆರಳು ಬೇಕು. ನುರಿತವರೂ ಮರೆಯುವ ಎರಡು ಜಾಗಗಳಿವೆ: ಸೊಂಟದ ಮೇಲೆ ಕೈಯಿಟ್ಟಾಗ ಉಂಟಾಗುವ ತ್ರಿಕೋನ ಮತ್ತು ಕನ್ನಡಕದ ಗಾಜು. ಹಳೆಯ ಗೋಡೆ ಅಲ್ಲಿ ಇಣುಕುತ್ತ ಉಳಿದಿರುತ್ತದೆ.

ಗತಿಸಿದವರ ಫೋಟೊ

ಮದುವೆ ಆಲ್ಬಂಗಳ ಹಿಮದ ಬೆಟ್ಟಗಳನ್ನು ನೋಡಿ ನಗುವವರು ಸ್ಟುಡಿಯೊಗಳ ಇನ್ನೊಂದು ಕೆಲಸವನ್ನೂ ನೋಡಬೇಕು. ಮನೆಯಲ್ಲಿ ಹಿರಿಯರು ತೀರಿಕೊಂಡಾಗ, ಹನ್ನೊಂದನೆಯ ದಿನದೊಳಗೆ ಹಾರ ಹಾಕಲು ಒಂದು ದೊಡ್ಡ ಫೋಟೊ ಬೇಕು. ಹಿಂದಿನ ತಲೆಮಾರಿನ ಎಷ್ಟೋ ಹೆಂಗಸರು ಒಬ್ಬರೇ ಕುಳಿತು ಫೋಟೊ ತೆಗೆಸಿಕೊಂಡವರಲ್ಲ. ಇರುವುದು ಯಾರದೋ ಮದುವೆಯ ಗುಂಪು ಚಿತ್ರ. ಅದರಲ್ಲಿ ಹಿಂದಿನ ಸಾಲಿನಲ್ಲಿ ಅರ್ಧ ಕಾಣುವ ಮುಖ. ಸ್ಟುಡಿಯೊದವರು ಆ ಮುಖವನ್ನು ಬಿಡಿಸಿ ತೆಗೆಯುತ್ತಾರೆ. ಪಕ್ಕದವರ ಭುಜ ಮುಚ್ಚಿದ ಸೆರಗನ್ನು ಹೊಸದಾಗಿ ಬರೆಯುತ್ತಾರೆ, ಹಿಂದೆ ತಿಳಿನೀಲಿ ಆಕಾಶ ಹರಡುತ್ತಾರೆ. ಗಂಡ ಹೆಂಡತಿ ಜೊತೆಯಾಗಿ ಇರುವ ಒಂದೇ ಒಂದು ಫೋಟೊ ಇಲ್ಲದಿದ್ದರೆ, ಇಪ್ಪತ್ತು ವರ್ಷಗಳ ಅಂತರದ ಎರಡು ಚಿತ್ರಗಳನ್ನು ತಂದು ಒಂದೇ ಹಿನ್ನೆಲೆಯ ಮುಂದೆ ಕೂರಿಸುತ್ತಾರೆ.

ಇಲ್ಲಿ ಯಾರಿಗೂ ಮೋಸವಾಗುವುದಿಲ್ಲ. ಆ ಫೋಟೊ ಇರುವುದು ಮನೆಯವರಿಗಾಗಿ, ಅದು ಹೇಗೆ ಆಯಿತು ಎಂಬುದು ಮನೆಯವರಿಗೆ ಗೊತ್ತು. ಜೊತೆಯಾಗಿ ಬಾಳಿದ್ದು ನಿಜ. ಕ್ಯಾಮೆರಾ ಮಾತ್ರ ಬರಲಿಲ್ಲ. ನಾಥದ್ವಾರದ ಮನೋರಥದ ನ್ಯಾಯವೇ ಇದಕ್ಕೂ ಸಲ್ಲುತ್ತದೆ.

ಸಾಕ್ಷಿ ಹೇಳುವ ಹಿನ್ನೆಲೆ

ಇದೇ ಕೆಲಸ ಒಪ್ಪಂದವಿಲ್ಲದವರ ಮುಂದೆ ನಡೆದಾಗ ಕಥೆ ಬದಲಾಗುತ್ತದೆ. 1937ರಲ್ಲಿ ಮಾಸ್ಕೊ–ವೋಲ್ಗಾ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ ಪಕ್ಕದಲ್ಲಿ ನಡೆಯುತ್ತಿದ್ದ ಗುಪ್ತ ಪೊಲೀಸ್ ಮುಖ್ಯಸ್ಥ ನಿಕೊಲಾಯ್ ಯೆಝೋವ್‌ನ ಫೋಟೊ ಪ್ರಸಿದ್ಧ. 1940ರಲ್ಲಿ ಅವನಿಗೆ ಮರಣದಂಡನೆಯಾಯಿತು. ಅನಂತರದ ಪ್ರತಿಗಳಲ್ಲಿ ಅವನಿದ್ದ ಜಾಗದಲ್ಲಿ ಕಾಲುವೆಯ ನೀರು ಮಾತ್ರ ಇದೆ. ಮನುಷ್ಯನಿಗೆ ಹಿನ್ನೆಲೆ ಕೊಡುವ ವಿದ್ಯೆ ಇಲ್ಲಿ ಮನುಷ್ಯನನ್ನೇ ಹಿನ್ನೆಲೆಯೊಳಗೆ ಮುಳುಗಿಸಿತು.

ಸುದ್ದಿ ಚಿತ್ರಗಳಲ್ಲಿ ಹಿನ್ನೆಲೆಯೇ ಎಷ್ಟೋ ಸಲ ಸುದ್ದಿ. 2006ರ ಆಗಸ್ಟಿನಲ್ಲಿ ಬೈರೂತ್ ನಗರದ ಮೇಲೆ ಬಾಂಬ್ ದಾಳಿಯ ಹೊಗೆಯನ್ನು ಕಂಪ್ಯೂಟರಿನಲ್ಲಿ ದಟ್ಟವಾಗಿಸಿದ ಚಿತ್ರವೊಂದು ಬಯಲಾದಾಗ, ರಾಯಿಟರ್ಸ್ ಸಂಸ್ಥೆ ಆ ಛಾಯಾಗ್ರಾಹಕನ 920 ಚಿತ್ರಗಳನ್ನೂ ತನ್ನ ಸಂಗ್ರಹದಿಂದ ತೆಗೆದುಹಾಕಿತು. 2015ರ ಡಿಸೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಚೆನ್ನೈ ಪ್ರವಾಹದ ವೈಮಾನಿಕ ಸಮೀಕ್ಷೆ ನಡೆಸಿದಾಗ ಕೇಂದ್ರದ ವಾರ್ತಾ ಇಲಾಖೆಯಾದ ಪಿಐಬಿ ಬಿಡುಗಡೆ ಮಾಡಿದ ಚಿತ್ರದಲ್ಲಿ, ಕಿಟಕಿಯಾಚೆಯ ನೋಟವನ್ನು ಬದಲಿಸಿ ಬೇರೆ ಚಿತ್ರ ಜೋಡಿಸಲಾಗಿತ್ತು. ಟೀಕೆ ಬಂದ ಮೇಲೆ ಅದನ್ನು ಹಿಂತೆಗೆದು ಪಿಐಬಿ ವಿಷಾದ ವ್ಯಕ್ತಪಡಿಸಿತು. ಪ್ರವಾಹವೂ ನಿಜ, ಸಮೀಕ್ಷೆಯೂ ನಿಜ. ಆದರೂ ಅದನ್ನು ಒಪ್ಪಲಾಗದು. ಏಕೆಂದರೆ ಆ ಚಿತ್ರ ‘ಕಂಡದ್ದು ಇದು’ ಎಂದು ಹೇಳುತ್ತಿತ್ತು. ಹೇಳಿಸಿಕೊಂಡವರಿಗೆ ಜೋಡಣೆಯ ಸುಳಿವು ಇರಲಿಲ್ಲ.

ಸರ್ಕಾರಗಳಿಗೆ ಬೇಕಾದುದಂತೂ ಹಿನ್ನೆಲೆಯೇ ಇಲ್ಲದ ಮುಖ. ಪಾಸ್‌ಪೋರ್ಟ್ ಫೋಟೊಗೆ ಬಿಳಿ ಹಿನ್ನೆಲೆ ಕೇಳುವುದು ಮುಖದ ಅಂಚು ನೆರಳಿಲ್ಲದೆ ಸ್ಪಷ್ಟವಾಗಿ ಕಾಣಲೆಂದು. ಆದರೆ ಆ ಬಿಳುಪನ್ನೂ ಕಂಪ್ಯೂಟರಿನಲ್ಲಿ ತುಂಬಿಸುವುದನ್ನು ಅಮೆರಿಕದಂಥ ದೇಶಗಳ ನಿಯಮ ಒಪ್ಪುವುದಿಲ್ಲ. ಬಿಳಿ ಗೋಡೆಯ ಮುಂದೆಯೇ ನಿಲ್ಲಬೇಕು. ಅಂಚು ತಿದ್ದುವ ಕೈ ಕಿವಿಯನ್ನೂ ತಿದ್ದಬಹುದಲ್ಲವೆ?

ಎಲ್ಲಿಯೂ ಇಲ್ಲದ ಬೆಟ್ಟ

ಇತ್ತೀಚಿನ ವರ್ಷಗಳಲ್ಲಿ ಈ ಕೆಲಸ ಸ್ಟುಡಿಯೊದಿಂದಲೂ ಹೊರಬಿದ್ದಿದೆ. 2016–17ರಿಂದ ಮೊಬೈಲ್ ಫೋನುಗಳೇ ಮುಖವನ್ನು ಗುರುತಿಸಿ ಹಿಂದಿನದನ್ನು ಮಬ್ಬಾಗಿಸತೊಡಗಿದವು. 2020ರ ಕೋವಿಡ್ ದಿನಗಳಲ್ಲಿ ಅಡುಗೆಮನೆಯಲ್ಲಿ ಕುಳಿತವರ ಹಿಂದೆ ಪುಸ್ತಕದ ಕಪಾಟು, ಕಡಲತೀರಗಳು ಬಂದವು. ಲಕ್ಷಾಂತರ ಚಿತ್ರಗಳಿಂದ ಕಲಿತ ಯಂತ್ರಗಳು ಆ ಏಳು ಅಜ್ಞಾತಗಳನ್ನು ಬಿಡಿಸುವ ಬದಲು ಊಹಿಸುತ್ತವೆ. ಊಹೆ ಬಹುಪಾಲು ಸರಿಯಾಗಿಯೇ ಇರುತ್ತದೆ. 2023ರಿಂದ ಫೋಟೊಶಾಪ್‌ನಲ್ಲಿ ಒಂದು ಸಾಲು ಬರೆದರೆ ಸಾಕು, ಹಿನ್ನೆಲೆ ತಾನೇ ಹುಟ್ಟಿಕೊಳ್ಳುತ್ತದೆ. ಅಜ್ಜನ ಅರಮನೆಯನ್ನು ಒಬ್ಬ ಕಲಾವಿದ ಬರೆದಿದ್ದ. ಆಲ್ಬಂನ ಹಿಮದ ಬೆಟ್ಟ ಯಾವುದೋ ದೇಶದಲ್ಲಿ ಇತ್ತು. ಈಗಿನ ಬೆಟ್ಟ ಎಲ್ಲಿಯೂ ಇಲ್ಲ. ಪರದೆಯ ಅಂಚೂ ಕಾಣುವುದಿಲ್ಲ, ಸುಕ್ಕೂ ಕಾಣುವುದಿಲ್ಲ. ಒಪ್ಪಂದವನ್ನು ನೆನಪಿಸುತ್ತಿದ್ದ ಗುರುತುಗಳೇ ಅಳಿದ ಮೇಲೆ, ಅದನ್ನು ಬಾಯಿಬಿಟ್ಟು ಹೇಳುವುದೊಂದೇ ದಾರಿ.

ಕೊನೆಯದಾಗಿ, ನಾವು ಅಳಿಸಿಹಾಕುವ ಹಿನ್ನೆಲೆಯ ಬಗೆಗೆ ಒಂದು ಮಾತು. ಆಫ್ರಿಕಾದ ಮಾಲಿ ದೇಶದ ಬಮಾಕೊ ನಗರದಲ್ಲಿ 1948ರಲ್ಲಿ ಸ್ಟುಡಿಯೊ ತೆರೆದ ಸೇಡು ಕೇಟಾ ಇಂದು ವಿಶ್ವವಿಖ್ಯಾತ ಛಾಯಾಗ್ರಾಹಕ. ಆತ ಮೊದಲು ಹಿನ್ನೆಲೆಗೆ ಬಳಸಿದ್ದು ತನ್ನ ಹಾಸಿಗೆಯ ಹೊದಿಕೆಯನ್ನು. ಎರಡು ಮೂರು ವರ್ಷಗಳಿಗೊಮ್ಮೆ ಬಟ್ಟೆ ಬದಲಿಸುತ್ತಿದ್ದ. ಬಹಳ ವರ್ಷಗಳ ಮೇಲೆ ತನ್ನ ಚಿತ್ರಗಳ ಇಸವಿಯನ್ನು ಆತ ಹೇಳಿದ್ದು ಮುಖ ನೋಡಿ ಅಲ್ಲ, ಹಿಂದಿನ ಬಟ್ಟೆಯ ವಿನ್ಯಾಸ ನೋಡಿ. ನಮ್ಮ ಗುಂಪು ಚಿತ್ರಗಳ ಹಿನ್ನೆಲೆಗಳಲ್ಲೂ ಇಂಥ ಸುಳಿವುಗಳಿವೆ: ಮಂಗಳೂರು ಹೆಂಚಿನ ಮಾಡು, ಗೋಡೆಯ ಕ್ಯಾಲೆಂಡರ್, ಅಂಗಳದ ಒರಳುಕಲ್ಲು, ಈಗ ಇಲ್ಲದ ಮನೆಯ ಬಾಗಿಲು. ಚಿತ್ರದಲ್ಲಿ ನಾವು ಬೇಡವೆಂದು ಕತ್ತರಿಸುವುದು ನಮ್ಮ ಮಕ್ಕಳು ಮುಂದೆ ಹುಡುಕುವ ಭಾಗವೇ ಆಗಿರಬಹುದು.

ಆದ್ದರಿಂದ ಅಜ್ಜಿಯ ಹಿಂದೆ ನೀಲಿ ಆಕಾಶ ಹಾಕಿಸುವುದಾದರೆ ಧಾರಾಳವಾಗಿ ಹಾಕಿಸಿ. ಆದರೆ ಸ್ಟುಡಿಯೊದಿಂದ ಬರುವಾಗ ಆ ಹಳೆಯ ಗುಂಪು ಚಿತ್ರವನ್ನು ಮರೆಯದೆ ವಾಪಸು ತನ್ನಿ. ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಊರಿನ ಹೆಸರು, ಇಸವಿ, ನಿಂತವರ ಹೆಸರು ಬರೆದಿಡಿ. ಹೇಳಬಲ್ಲವರು ಮನೆಯಲ್ಲಿ ಇನ್ನೂ ಇರುವಾಗಲೇ ಆ ಕೆಲಸ ಆಗಬೇಕು.